ಕೆಳಗಿನ ಎರಡು ಬೆರಳಗಲ ಬಿಳಿ ಜಾಗ

ಫೋಟೋಗೆ ಕಟ್ಟು ಹಾಕುವ ಕೆಲಸಕ್ಕೆ ಸೇರಿದಾಗ ನನಗೆ ಗೊತ್ತಿದ್ದದ್ದು ಎರಡೇ: ಮದುವೆ ಫೋಟೋ, ದೇವರ ಪಟ. ಮಲ್ಲೇಶ್ವರದ ಸಣ್ಣ ಅಂಗಡಿ. ಚಿತ್ರ ಫ್ರೇಮಿಗೆ ಕೂರದಿದ್ದರೆ ಸ್ಕೇಲಿಟ್ಟು ಕಟ್ಟರ್ ಎಳೆಯೋದು, ಅಷ್ಟೇ. ಸುತ್ತಲಿನ ಬಿಳಿ ಜಾಗ ಸುಮ್ನೆ ವೇಸ್ಟ್ ಅಂದುಕೊಂಡಿದ್ದೆ.

ಒಂದು ಶನಿವಾರ ರಿಟೈರ್ಡ್ ಮೇಷ್ಟ್ರೊಬ್ಬರು ಒಂದು ಹಾಳೆ ತಂದರು. ಯಾವುದೋ ಸಚಿತ್ರ ಪುಸ್ತಕದ ವಿಶೇಷ ಪ್ರತಿಯ ಜೊತೆ ಬಂದ ಎಚಿಂಗ್, ಅಂದರೆ ತಾಮ್ರದ ತಗಡಿನಲ್ಲಿ ಆಸಿಡ್ಡಿನಿಂದ ಗೆರೆ ಕೊರೆದು ತೆಗೆದ ಅಚ್ಚು. ಮರದ ಕೆಳಗೆ ಮಲಗಿದ ನರಿ. "ನಿಧಾನಕ್ಕೆ ಮಾಡಪ್ಪ, ಅರ್ಜೆಂಟಿಲ್ಲ" ಅಂದರು. ನಾನು ಅವತ್ತೇ ಮುಗಿಸಿಬಿಟ್ಟೆ. ರೆಡಿ ಇದ್ದ ಫ್ರೇಮಿಗೆ ಕೂರಲಿ ಅಂತ ಕೆಳಗಿನ ಎರಡು ಬೆರಳಗಲ ಪಟ್ಟಿ ಕತ್ತರಿಸಿ ಬುಟ್ಟಿಗೆ ಹಾಕಿದೆ.

ಸೋಮವಾರ ಬಂದವರು ನರಿಯನ್ನು ನೋಡಲೇ ಇಲ್ಲ. ಅದರ ಕೆಳಗೆ ನೋಡಿದರು. "ನಂಬರ್ ಎಲ್ಲಪ್ಪಾ?"

ಭಾನುವಾರ ರಜೆ, ಹಾಗಾಗಿ ಬುಟ್ಟಿ ಖಾಲಿಯಾಗಿರಲಿಲ್ಲ. ನೆಲಕ್ಕೆ ಸುರಿದು ಹುಡುಕಿದೆವು. ಪಟ್ಟಿ ಸಿಕ್ಕಿತು. ಎಡಕ್ಕೆ ಪೆನ್ಸಿಲ್ಲಿನಲ್ಲಿ 42/150, ಬಲಕ್ಕೆ ಕಲಾವಿದರ ಸಹಿ. ಒಟ್ಟು 150 ಪ್ರತಿ, ಅದರಲ್ಲಿ ಇದು 42ನೆಯದು ಅಂತ ಲೆಕ್ಕ. ಅಷ್ಟು ತೆಗೆದ ಮೇಲೆ ಎಷ್ಟೋ ಸಲ ತಗಡಿನ ಮೇಲೆ ಗೀಟು ಎಳೆದು ಕೆಡಿಸಿಬಿಡುತ್ತಾರೆ, ಮತ್ತೆ ಯಾರೂ ಅಚ್ಚು ಹಾಕಬಾರದು ಅಂತ. ನಾನು ಆ ಹಾಳೆಯ ಜಾತಕಕ್ಕೇ ಕತ್ತರಿ ಹಾಕಿದ್ದೆ.

ಯಜಮಾನರು ಫ್ರೇಮಿನ ದುಡ್ಡು ಬೇಡ ಅಂದರು. ಮೇಷ್ಟ್ರು ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ನನ್ನ ಹೆಬ್ಬೆರಳು ಹಿಡಿದು ಹಾಳೆಯ ಪಕ್ಕದ ಅಂಚಿನ ಮೇಲೆ ಸವರಿಸಿದರು. ಸಣ್ಣ ತಗ್ಗು ಸಿಕ್ಕಿತು. ತಾಮ್ರದ ತಗಡಿಗೆ ಶಾಯಿ ಹಚ್ಚಿ, ಒದ್ದೆ ಕಾಗದ ಹಾಸಿ, ರೋಲರಿನಲ್ಲಿ ಒತ್ತಿದಾಗ ತಗಡಿನ ಅಂಚೇ ಕಾಗದದಲ್ಲಿ ಇಳಿದು ಕೂರುತ್ತದೆ. ಆ ತಗ್ಗೂ ಬಿಳಿ ಜಾಗದ ಕಡೆಗೇ ಇರೋದು, ಅಲ್ವಾ?

ಮಾರನೇ ವಾರವೇ ಒಂದು ಭೂತಗನ್ನಡಿ ಕೊಂಡೆ. ಅದರಿಂದ ಜಗಳವೂ ಆಗಿದೆ. ಮೂರನೇ ಮೈಸೂರು ಯುದ್ಧದಲ್ಲಿ ಕಾರ್ನ್‌ವಾಲಿಸ್ ಸೇನೆಯ ಜೊತೆ ಬಂದಿದ್ದ ಚಿತ್ರಕಾರ ರಾಬರ್ಟ್ ಹೋಮ್ ಬರೆದ ಈ ಕಡೆಯ ನೋಟಗಳು 1794ರಲ್ಲಿ ಲಂಡನ್ನಿನಲ್ಲಿ ಪುಸ್ತಕವಾದವು. "ಇದು ಅದರದ್ದೇ, ತಾತನ ಕಾಲದ್ದು" ಅಂತ ಜನ ಬೆಂಗಳೂರು ಕೋಟೆಯ ಚಿತ್ರ ತರುತ್ತಾರೆ. ಕನ್ನಡಿ ಹಿಡಿದರೆ ಸಾಲು ಸಾಲು ಚುಕ್ಕಿ, ಅಂದರೆ ಅಸಲಿಯ ಫೋಟೋ ತೆಗೆದು ಆಮೇಲೆ ಅಚ್ಚು ಹಾಕಿದ್ದು. ಆ ಕಾಲದ ತಾಮ್ರದ ಅಚ್ಚಿನಲ್ಲಿ ಕೆತ್ತಿದ ಗೆರೆ ಕಾಣಬೇಕು, ಇಂಥ ಚುಕ್ಕಿಯಲ್ಲ. ಹೇಳಿದರೆ ಮುಖ ಸಣ್ಣದಾಗುತ್ತದೆ. ಹಾಗಂತ ಚುಕ್ಕಿ ಕಂಡದ್ದೆಲ್ಲ ನಕಲಿ ಅಂದರೂ ಏಟು ತಿನ್ನುತ್ತೀರಿ. ಇಂಗ್ಲಿಷ್ ಚಿತ್ರಕಾರ ಆರ್ಥರ್ ರ‍್ಯಾಕಮ್ 1900ರ ನಂತರ ಚಿತ್ರ ಬರೆದುಕೊಟ್ಟ ಪುಸ್ತಕಗಳ ಬಣ್ಣದ ಪುಟಗಳು ಅಸಲಿಯಲ್ಲೇ ಚುಕ್ಕಿಯ ಅಚ್ಚು. ಬೇರೆ ಹಾಳೆಯಲ್ಲಿ ಮುದ್ರಿಸಿ, ಒಂದು ಅಂಚಿಗಷ್ಟೇ ಅಂಟು ಹಚ್ಚಿ ಪುಟಕ್ಕೆ ಕೂರಿಸುತ್ತಿದ್ದರು.

ಇಂಥ ಪುಸ್ತಕ ಕಿತ್ತು ಹಾಳೆ ಹಾಳೆಯಾಗಿ ಮಾರುವವರ ಬಗ್ಗೆ ನನಗೆ ಒಳ್ಳೇ ಮಾತಿಲ್ಲ. ಆದರೂ ಆ ಹಾಳೆಗಳಿಗೆ ಕಟ್ಟು ಹಾಕಿಕೊಡುತ್ತೇನೆ. ಹೊಟ್ಟೆಪಾಡು.

ಈಗ ಅಳತೆಗೆ ಬದಲಾಗೋದು ಫ್ರೇಮು, ಹಾಳೆಯಲ್ಲ. ನಂಬರು, ಸಹಿ ಕಾಣುವ ಹಾಗೆ ಮೌಂಟಿನ, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ಬೋರ್ಡಿನ, ಕಿಟಕಿ ಕೊಯ್ಯುತ್ತೇನೆ. ಬೋರ್ಡು ಆಸಿಡ್ ಇಲ್ಲದ್ದೇ ಆಗಬೇಕು. ಸೆಲ್ಲೋ ಟೇಪು ಮುಟ್ಟೋದಿಲ್ಲ, ವರ್ಷ ಕಳೆದಂತೆ ಕಂದು ಕಲೆ ಬಿಡುತ್ತದೆ. ಮೇಲ್ಗಡೆ ಮಾತ್ರ ಎರಡು ತುಂಡು ಜಪಾನಿ ಕಾಗದ, ಗೋಧಿ ಗಂಜಿಯ ಅಂಟು. ಬೇಕೆಂದಾಗ ನೀರು ಸೋಕಿಸಿ ಬಿಡಿಸಬಹುದು. ಗಾಜು ಚಿತ್ರಕ್ಕೆ ತಾಗಬಾರದು. ಬಾತ್‌ರೂಮಿನ ಗೋಡೆಗೆ ಮಾತ್ರ ತೂಗುಹಾಕಬೇಡಿ ಅಂತ ಎಲ್ಲರಿಗೂ ಹೇಳುತ್ತೇನೆ. ಜಾಸ್ತಿ ಜನ ಕೇಳೋದಿಲ್ಲ.

ಮೇಷ್ಟ್ರು ಆ ಪಟ್ಟಿಯನ್ನು ಒಂದು ಕವರಿಗೆ ಹಾಕಿ ಫ್ರೇಮಿನ ಬೆನ್ನಿಗೆ ಇಡಿಸಿಕೊಂಡರು. ಆಮೇಲೂ ನಮ್ಮಲ್ಲಿಗೇ ಬರುತ್ತಿದ್ದರು. ಬಂದಾಗಲೆಲ್ಲ ಮೊದಲು ಟೇಬಲ್ ಮೇಲಿನ ನನ್ನ ಕಟ್ಟರ್ ಎತ್ತಿ ಜೇಬಿಗೆ ಹಾಕಿಕೊಳ್ಳೋರು. ಆಮೇಲೇ ಹಾಳೆಯ ಸುರುಳಿ ಬಿಚ್ಚೋರು.