ತಪ್ಪು ಮಾಡಿದ ಹುಡುಗನನ್ನೇ ಎದುರಿಗೆ ಕೂತು ಕೇಳಬಹುದು

"ಎಷ್ಟು ವರ್ಷ ಜೈಲು ಹಾಕ್ತಾರೆ?" ಊರಿನವರು ಫೋನಿನಲ್ಲಿ ಕೇಳುವ ಮೊದಲ ಪ್ರಶ್ನೆ ಇದು. ಆಕ್ಲೆಂಡಿನಲ್ಲಿ ನಮ್ಮ ಗೆಳತಿಯ ಅಂಗಡಿಗೆ ಹುಡುಗರು ಗಾಜು ಒಡೆದು ನುಗ್ಗಿದ್ದರು. ಸಿಕ್ಕಿಬಿದ್ದವನಿಗೆ 15 ವರ್ಷ. ಗೆಳತಿಯ ಪ್ರಶ್ನೆಯೇ ಬೇರೆ ಇತ್ತು: "ನಾನು ಮೇಲೆ ಮಲಗಿದ್ದೆ ಅಂತ ಅವನಿಗೆ ಗೊತ್ತಿತ್ತಾ? ಮತ್ತೆ ಬರ್ತಾನಾ?"

ಇದನ್ನು ಆ ಹುಡುಗನನ್ನೇ ಕೇಳಲು ನ್ಯೂಜಿಲೆಂಡಿನ ಕಾನೂನು ಅವಕಾಶ ಕೊಡುತ್ತದೆ. ಅದಕ್ಕಾಗಿ ಎರಡೂ ಕಡೆಯವರನ್ನು ಒಂದು ಸಭೆಗೆ ಕರೆಯುತ್ತಾರೆ. 1989ರ ಕಾಯ್ದೆಯಿಂದ ಬಂದ ಈ ಸಭೆಗೆ ಫ್ಯಾಮಿಲಿ ಗ್ರೂಪ್ ಕಾನ್ಫರೆನ್ಸ್ ಅನ್ನುತ್ತಾರೆ. ಮಕ್ಕಳನ್ನು ಮನೆಯವರಿಂದ ಕಿತ್ತು ಸರ್ಕಾರಿ ಸಂಸ್ಥೆಗಳಿಗೆ ಸೇರಿಸುವುದನ್ನು ಇಲ್ಲಿನ ಮೂಲನಿವಾಸಿಗಳಾದ ಮಾವೋರಿ ಜನ ಬಹಳ ಕಾಲ ವಿರೋಧಿಸಿದ್ದರು. ಕಾಯ್ದೆಯ ಹಿಂದೆ ಆ ಒತ್ತಾಯ ಇದೆ. ಸಣ್ಣಪುಟ್ಟ ತಪ್ಪಾದರೆ ಪೊಲೀಸರೇ ಎಚ್ಚರಿಕೆ ಕೊಟ್ಟು ಮುಗಿಸುತ್ತಾರೆ.

ಸಭೆಯ ಒಳಗೆ ಯಾರು ಏನಂದರು ಅಂತ ಪ್ರಕಟಿಸುವಂತಿಲ್ಲ. ಹಾಗಾಗಿ ನಡೆಯುವ ರೀತಿ ಮಾತ್ರ ಹೇಳುತ್ತೇನೆ. ಹುಡುಗ, ಅವನ ಮನೆಯವರು, ಪೊಲೀಸರು, ಸಭೆ ನಡೆಸುವ ಸಂಯೋಜಕರು ಒಂದೇ ಕೋಣೆಯಲ್ಲಿ ಕೂರುತ್ತಾರೆ. ನೊಂದವರು ತಮ್ಮವರನ್ನು ಜೊತೆಗೆ ಕರೆತರಬಹುದು, ತಮ್ಮ ಬದಲು ಬೇರೆಯವರನ್ನೂ ಕಳಿಸಬಹುದು. ಪೊಲೀಸರು ನಡೆದದ್ದನ್ನು ಓದುತ್ತಾರೆ. ಹುಡುಗ ಒಪ್ಪಿಕೊಂಡರಷ್ಟೇ ಮುಂದಿನ ಮಾತು. ನೊಂದವರು ತಮಗಾದದ್ದನ್ನು ಹೇಳಿ, ಕೇಳಬೇಕಾದ್ದನ್ನು ಕೇಳುತ್ತಾರೆ.

ನನಗೆ ತುಂಬಾ ಹಿಡಿಸಿದ್ದು ಆಮೇಲಿನ ಭಾಗ. ಪೊಲೀಸರೂ ಸೇರಿ ಉಳಿದವರೆಲ್ಲ ಹೊರಗೆ ಹೋಗುತ್ತಾರೆ. ಅಜ್ಜಿ, ಅಮ್ಮ, ಚಿಕ್ಕಪ್ಪ ಕೂತು ಇವನು ಏನು ಮಾಡಬೇಕು ಅಂತ ಯೋಚಿಸುತ್ತಾರೆ: ಕ್ಷಮೆ ಕೇಳುವುದು, ನಷ್ಟ ಕಟ್ಟಿಕೊಡುವುದು, ಸಮುದಾಯ ಸೇವೆ, ಮತ್ತೆ ಶಾಲೆ. ಅದಕ್ಕೆ ನೊಂದವರೂ ಪೊಲೀಸರೂ ಒಪ್ಪಬೇಕು. ಇಲ್ಲದಿದ್ದರೆ ಯುವ ನ್ಯಾಯಾಲಯ ತೀರ್ಮಾನಿಸುತ್ತದೆ.

ಇದು ತೀರಾ ಮೆದು ಅಂತ ಇಲ್ಲೂ ಜನ ಬೈಯುತ್ತಾರೆ. ನನಗೆ ಹಾಗನ್ನಿಸುವುದಿಲ್ಲ. ವಕೀಲರ ಹಿಂದೆ ಸುಮ್ನೆ ಕೂರುವುದು ಸುಲಭ. ಸ್ವಂತ ಅಜ್ಜಿಯ ಪಕ್ಕ ಕೂತು, ತಾನು ಹೆದರಿಸಿದ ಹೆಂಗಸಿಗೆ ಉತ್ತರ ಕೊಡುವುದು ಕಷ್ಟ, ಅಲ್ವಾ? ಆದರೆ ಕ್ಷಮಿಸಿ ಅಂತ ನೊಂದವರನ್ನು ಯಾರೂ ಒತ್ತಾಯಿಸಬಾರದು. ಸಭೆ ಬೇಗ ಕರೆಯಬೇಕು ಅನ್ನುತ್ತದೆ ಕಾನೂನು. ಆ ಹೊತ್ತಿಗೆ ನೊಂದ ಎಷ್ಟೋ ಜನಕ್ಕೆ ಇನ್ನೂ ಸರಿಯಾಗಿ ನಿದ್ದೆಯೇ ಬರುತ್ತಿರುವುದಿಲ್ಲ. ನಮ್ಮ ಗೆಳತಿ ಹೋಗಿ ಬಂದರು, ಆದರೆ ಕ್ಷಮಿಸಿಲ್ಲ. ಅದು ಅವರ ಹಕ್ಕು.

ಒಪ್ಪಿದ್ದನ್ನೆಲ್ಲ ಹುಡುಗ ಮಾಡಿ ಮುಗಿಸಿದರೆ, ಆರೋಪವೇ ಇರಲಿಲ್ಲ ಅನ್ನುವಂತೆ ನ್ಯಾಯಾಲಯ ಅವನನ್ನು ಬಿಡಬಹುದು. ಅಷ್ಟು ದೊಡ್ಡ ಅವಕಾಶ ಅವನಿಗೆ ಸಿಗುವಾಗ, ಹಣ ಯಾವಾಗ ಬರುತ್ತದೆ, ಹುಡುಗ ಶಾಲೆಗೆ ಹೋಗುತ್ತಿದ್ದಾನಾ ಅಂತ ನೊಂದವರಿಗೂ ಯಾರಾದರೂ ತಪ್ಪದೆ ಫೋನು ಮಾಡಿ ತಿಳಿಸುತ್ತಿರಬೇಕು.