ಇಪ್ಪತ್ತು ನಿಮಿಷದ ಲಂಡನ್

25 ಏಪ್ರಿಲ್ 2023, ಮಂಗಳವಾರ

ನಿನ್ನೆ ರಾತ್ರಿ ಆಮ್‌ಸ್ಟರ್‌ಡ್ಯಾಮಿನಿಂದ ಲಂಡನ್ನಿಗೆ ಹೋಗುವ ವಿಮಾನದ ಟಿಕೆಟ್ ಫೋಟೋ ಹುಬ್ಬಳ್ಳಿಯ ಮನೆಗೆ ಕಳಿಸಿದ್ದೆ. ಅದನ್ನು ನೋಡಿ ಅಮ್ಮ ಫೋನ್ ಮಾಡಿದಳು. "ಒಂಬತ್ತಕ್ಕ ಬಿಟ್ಟು ಒಂಬತ್ತು ಇಪ್ಪತ್ತಕ್ಕ ಲಂಡನ್ನಾ? ಬರೇ ಇಪ್ಪತ್ತ ನಿಮಿಷ?"

ಆಮ್‌ಸ್ಟರ್‌ಡ್ಯಾಮಿನ ಗಡಿಯಾರ ಲಂಡನ್ನಿಗಿಂತ ಒಂದು ಗಂಟೆ ಮುಂದೆ. ಇಲ್ಲಿಯ ವಿಮಾನ ನಿಲ್ದಾಣ ಸ್ಕಿಪೋಲ್‌ನಿಂದ ಲಂಡನ್ನಿನ ಹೀಥ್ರೂಗೆ ನೇರ ಗೆರೆ ಎಳೆದರೆ ಸುಮಾರು 370 ಕಿಲೋಮೀಟರ್. ಬೆಂಗಳೂರು ವಿಮಾನ ನಿಲ್ದಾಣದಿಂದ ಹುಬ್ಬಳ್ಳಿಯದಕ್ಕೂ ಹೆಚ್ಚೂಕಡಿಮೆ ಅಷ್ಟೇ. ಇದನ್ನೆಲ್ಲ ಹೇಳಿದೆ. ಅಮ್ಮನಿಗೆ ಇಪ್ಪತ್ತು ನಿಮಿಷವೇ ಇಷ್ಟವಾಗಿತ್ತು.

ಸರಿ, ನಿಜವಾಗಿ ಎಷ್ಟು ಹೊತ್ತು ಬೇಕು ನೋಡೋಣ ಅಂತ ಇವತ್ತು ಸುಮ್ನೆ ಗುರುತು ಹಾಕಿಕೊಂಡೆ. ಆಮ್‌ಸ್ಟರ್‌ಡ್ಯಾಮ್ ಪಕ್ಕದ ಆಮ್‌ಸ್ಟಲ್‌ವೇನಿನ ಮನೆ ಬಿಟ್ಟಿದ್ದು 6:15ಕ್ಕೆ. ಬಸ್ಸು, ತಪಾಸಣೆ, ಪಾಸ್‌ಪೋರ್ಟಿಗೆ ಠಸ್ಸೆ, ಒಂದು ನೀರು ಕಾಫಿ. 9:05ಕ್ಕೆ ವಿಮಾನ ಅಲುಗಾಡಿತು. ಹಾರಲಿಲ್ಲ, ರಸ್ತೆ ಹಿಡಿಯಿತು!

ಉತ್ತರದ ಗಾಳಿ ಇತ್ತು, ಹಾಗಾಗಿ ನಮಗೆ ಪೋಲ್ಡರ್‌ಬಾನ್ ಸಿಕ್ಕಿತು. ಸದ್ದು ಊರಿಗೆ ತಾಗದಿರಲಿ ಅಂತ ದೂರದಲ್ಲಿ ಹಾಕಿ 2003ರಲ್ಲಿ ತೆರೆದ ರನ್‌ವೇ ಅದು. ಹೋಗುತ್ತಾ ಹೋಗುತ್ತಾ ವಿಮಾನ ಹೆದ್ದಾರಿಯ ಮೇಲಿನ ಸೇತುವೆ ದಾಟುತ್ತದೆ. ಕೆಳಗೆ ಲಾರಿಗಳು ನಮಗಿಂತ ಜೋರಾಗಿ ಓಡುತ್ತಿದ್ದವು. ಈ ನೆಲ 1852ರವರೆಗೂ ಕೆರೆ. ನೀರು ಬತ್ತಿಸಿದ ತಳ, ಈಗಲೂ ಸಮುದ್ರಮಟ್ಟಕ್ಕಿಂತ ಸುಮಾರು 3 ಮೀಟರ್ ಕೆಳಗಿದೆ. ನಮ್ಮ ಮೆಜೆಸ್ಟಿಕ್ ಬಸ್ ಸ್ಟ್ಯಾಂಡೂ ಧರ್ಮಾಂಬುಧಿ ಕೆರೆಯ ಅಂಗಳವೇ ಅಲ್ವಾ.

ಗಾಲಿ ನೆಲ ಬಿಟ್ಟಾಗ 9:24. ಬಿಸ್ಕತ್ತಿನ ಪೊಟ್ಟಣ ಹರಿಯುವಷ್ಟರಲ್ಲಿ ಸಮುದ್ರ ಮುಗಿದು ಇಂಗ್ಲೆಂಡ್ ಬಂತು. ಆಮೇಲೆ ಎಸೆಕ್ಸ್ ಮೇಲೆ ಗಿರಕಿ. ಲ್ಯಾಂಬೋರ್ನ್ ಅನ್ನುವ ಜಾಗದಲ್ಲಿ ಹೀಥ್ರೂ ಸರದಿಗೆ ಕಾಯುವ ವಿಮಾನಗಳು ಸಾವಿರ ಅಡಿಗೊಂದರಂತೆ ಮೆಟ್ಟಿಲು ಮೆಟ್ಟಿಲಾಗಿ ಸುತ್ತುತ್ತವೆ. ಒಂದು ಸುತ್ತಿಗೆ ಸುಮಾರು 4 ನಿಮಿಷ. ನಾವು ಎರಡು ಸುತ್ತು ಹಾಕಿದೆವು. ಕಿಟಕಿಯಲ್ಲಿ ಕೆಳಗಿನ ಮೆಟ್ಟಿಲಿನ ವಿಮಾನದ ಬೆನ್ನು ಕಾಣುತ್ತಿತ್ತು. ಇಳಿದಾಗ ನನ್ನ ಕೈಗಡಿಯಾರದಲ್ಲಿ 10:20, ಲಂಡನ್ ಲೆಕ್ಕದಲ್ಲಿ 9:20. ಟಿಕೆಟ್ ಸುಳ್ಳು ಹೇಳಿರಲಿಲ್ಲ!

ಮುಂದೆ ವೀಸಾ ತೋರಿಸುವ ಸಾಲು, ಪಿಕಡಿಲಿ ಲೈನ್ ಮೆಟ್ರೋ, ಹೌನ್ಸ್‌ಲೋ ಈಸ್ಟ್ ಸ್ಟೇಷನ್. ಅಕ್ಕನ ಮನೆಯ ಬೆಲ್ ಒತ್ತಿದಾಗ ಕೈಗಡಿಯಾರದಲ್ಲಿ 11:40. ಒಟ್ಟು 5 ಗಂಟೆ 25 ನಿಮಿಷ. ಅದರಲ್ಲಿ ಗಾಳಿಯಲ್ಲಿದ್ದಿದ್ದು 56 ನಿಮಿಷ, ಗಿರಕಿಯೂ ಸೇರಿ. ರೈಲಿಗೆ ಸುಮಾರು 4 ಗಂಟೆ, ಆದರೆ ಅದು ಇಳಿಸುವುದು ಲಂಡನ್ ನಡುವಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿನಲ್ಲಿ. ಅಲ್ಲಿಂದ ಹೌನ್ಸ್‌ಲೋಗೆ ಮತ್ತೊಂದು ಗಂಟೆ ಜಾಸ್ತಿ.

ಉಪ್ಪಿಟ್ಟು ತಿನ್ನುತ್ತಿರುವಾಗ ಅಮ್ಮನ ಫೋನ್ ಬಂತು. ವಾಪಸ್ ಟಿಕೆಟ್ ಈಗ ನೋಡಿದ್ದಳಂತೆ: 17:00ಕ್ಕೆ ಬಿಟ್ಟು 19:20ಕ್ಕೆ.

"ಹೋಗಾಗ ಇಪ್ಪತ್ತ ನಿಮಿಷ, ಬರಾಗ ಎರಡ ತಾಸಿನ ಮ್ಯಾಲ? ಸುತ್ತ ಹಾಕ್ಕೊಂಡ ಬರ್ತದೇನ?"