ಹಕ್ಕಿ ನೋಡಿದ್ರೆ ಸಂಬಳ ಕೊಡ್ತಾರಾ?

ಮದುವೆ ಊಟದ ಪಂಕ್ತಿಯಲ್ಲಿ, ಉಡುಪಿ-ಮಂಗಳೂರು ಬಸ್ಸಿನಲ್ಲಿ, ಕ್ಷೌರದಂಗಡಿಯ ಬೆಂಚಿನಲ್ಲಿ, ಎಲ್ಲಿ ಹೋದರೂ ಪ್ರಶ್ನೆ ಒಂದೇ: "ನೀವು ಎಂತ ಮಾಡುದು ಮಾರಾಯ್ರೆ? ಹಕ್ಕಿ ನೋಡಿದ್ರೆ ಸಂಬಳ ಕೊಡ್ತಾರಾ?" ನಾನು ಮಾಡುವುದು ಹಕ್ಕಿಗಳ ನಡವಳಿಕೆಯ ಅಧ್ಯಯನ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಕೇಳಿದವರಿಗೆ ಇದನ್ನು ಓದಲು ಕೊಡುತ್ತೇನೆ.

ಕೊಡ್ತಾರೆ. ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಸಂಶೋಧನೆಗೆ ಕೊಡುವ ಫೆಲೋಶಿಪ್ ಆದ ಜೆಆರ್‌ಎಫ್ ಸಿಕ್ಕಿ ಪಿಎಚ್‌ಡಿಗೆ ಸೇರಿದರೆ ಮೊದಲ 2 ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲಿನ 3 ವರ್ಷ 42,000. ಹಾಸ್ಟೆಲ್ ಇಲ್ಲದಿದ್ದರೆ ಮನೆ ಬಾಡಿಗೆ ಭತ್ಯೆ ಬೇರೆ. ಇದು 2023ರ ಜನವರಿಯಿಂದ ಜಾರಿಗೆ ಬಂದ ದರ. ಬಿಎಸ್ಸಿ 3 ವರ್ಷ, ಎಂಎಸ್ಸಿ 2, ಪಿಎಚ್‌ಡಿ 5. ಪಿಯುಸಿ ಮುಗಿದ ಮೇಲೆ ಕಾಗದದಲ್ಲಿ 10 ವರ್ಷ. ನಿಜದಲ್ಲಿ ಒಂದೆರಡು ಮಳೆಗಾಲ ಹೆಚ್ಚೇ ಹಿಡಿಯುತ್ತದೆ. ಅಷ್ಟಾದ ಮೇಲೂ ಕಾಯಂ ಹುದ್ದೆ ಕೈಬೆರಳೆಣಿಕೆಯಷ್ಟು. ಬ್ಯಾಂಕುಗಳ ತವರೂರಿನಲ್ಲಿ ಕೂತು ಈ ಲೆಕ್ಕ ಹೇಳಿದರೆ ಎದುರಿನವರ ಮುಖ ಹೇಗಾಗುತ್ತದೆ ಅಂತ ಗೊತ್ತುಂಟು. ಸಂಬಳದ ವಿಷಯ ಇಲ್ಲಿಗೆ ಮುಗಿಯಿತು.

ನನ್ನ ತಕರಾರು ಇರುವುದು ಆ "ನೋಡಿದ್ರೆ" ಎಂಬ ಶಬ್ದದ ಮೇಲೆ. ಬೆಳಿಗ್ಗೆ ಮಣಿಪಾಲದ ಮಣ್ಣಪಳ್ಳದ ಕೆರೆಗೆ ಒಂದು ಸುತ್ತು ಬಂದು ಎಷ್ಟು ಜಾತಿ ಕಂಡಿತು ಅಂತ ಪಟ್ಟಿ ಮಾಡುವುದು ಒಳ್ಳೆಯ ಹವ್ಯಾಸ. ನಡವಳಿಕೆಯ ಅಧ್ಯಯನ ಅದರ ತಿರುಗುಮುರುಗು. ಇಲ್ಲಿ ಜಾತಿ ಒಂದೇ, ಮರವೂ ಒಂದೇ, ನೂರಾರು ಗಂಟೆ. ಹಕ್ಕಿ ಏನು ಮಾಡಿತು ಎಂಬುದರಷ್ಟೇ, ಏನು ಮಾಡಲಿಲ್ಲ ಎಂಬುದನ್ನೂ ಬರೆಯಬೇಕು.

ಗೀಜಗವನ್ನೇ ತಗೊಳ್ಳಿ. ಜೂನ್ ಕಳೆದು ಏಣೆಲು, ಅಂದರೆ ಮಳೆಗಾಲದ ಬೆಳೆಯ, ಗದ್ದೆ ಹಸಿರಾಗುವಾಗ ಗಂಡುಗಳು ಭತ್ತದ ಎಲೆಯನ್ನೂ ತೆಂಗಿನ ಮಡಲನ್ನೂ ಉದ್ದಕ್ಕೆ ಸೀಳಿ ತಂದು ಹೆಣೆಯತೊಡಗುತ್ತವೆ. ಒಂದು ಗೂಡಿಗೆ ಸುಮಾರು 18 ದಿನ, 500ರವರೆಗೆ ಓಡಾಟ. ಸುಮಾರು 8 ದಿನಕ್ಕೆ ಅರ್ಧ ಗೂಡಾಗುತ್ತದೆ. ಹೆಲ್ಮೆಟ್ಟಿನ ಹಾಗೆ ಕಾಣುವುದರಿಂದ ಆ ಹಂತಕ್ಕೆ ಹೆಲ್ಮೆಟ್ ಎಂದೇ ಹೆಸರು. ಅಷ್ಟಾದಾಗ ಗಂಡು ಅದಕ್ಕೆ ಜೋತುಬಿದ್ದು ರೆಕ್ಕೆ ಬಡಿದು ಕೂಗುತ್ತದೆ. ಹೆಣ್ಣು ಬಂದು ಒಳಗೆ ಕೂತು ನೋಡುತ್ತದೆ. ಒಪ್ಪಿದರೆ ಮಾತ್ರ ಗಂಡು ಮೊಟ್ಟೆಯ ಕೋಣೆಯನ್ನೂ ಕೊಳವೆಯನ್ನೂ ಪೂರ್ತಿ ಮಾಡಿ, ಪಕ್ಕದಲ್ಲೇ ಇನ್ನೊಂದು ಗೂಡು, ಇನ್ನೊಂದು ಹೆಣ್ಣು ಅಂತ ಹೊರಡುತ್ತದೆ.

ಇದನ್ನು ಸುಮ್ಮನೆ ನೋಡುತ್ತಾ ಕೂತರೆ ಏನಾಗುತ್ತದೆ? ಹೆಚ್ಚು ಗಲಾಟೆ ಮಾಡುವ ಗಂಡಿನ ಕಡೆಗೇ ಕಣ್ಣು ಹೋಗುತ್ತದೆ. ಸಂಜೆ ಪುಸ್ತಕ ತೆರೆದರೆ ಎಲ್ಲ ಗಂಡುಗಳೂ ಇಡೀ ದಿನ ರೆಕ್ಕೆ ಬಡಿದ ಹಾಗೆ ಕಾಣುತ್ತದೆ. ಈ ಮೋಸಕ್ಕೆ ಮದ್ದನ್ನು ಬಬೂನ್ ಕೋತಿಗಳ ಅಧ್ಯಯನ ಮಾಡಿದ ಜೀನ್ ಆಲ್ಟ್‌ಮನ್ 1974ರಲ್ಲೇ ಕ್ರಮವಾಗಿ ಬರೆದಿಟ್ಟಿದ್ದಾರೆ. ಚೀಟಿ ಎತ್ತಿ ಒಂದು ಗೂಡನ್ನು ಆರಿಸಿ, 10 ನಿಮಿಷ ಅದರ ಗಂಡನ್ನು ಮಾತ್ರ ದಾಖಲಿಸಿ. ಪಕ್ಕದ ಗೂಡಿನಲ್ಲಿ ರಣರಂಗವೇ ಆದರೂ ತಿರುಗಬೇಡಿ. ಇಲ್ಲವಾದರೆ 5 ನಿಮಿಷಕ್ಕೊಮ್ಮೆ ಎಲ್ಲ ಗೂಡುಗಳ ಮೇಲೆ ಎಡದಿಂದ ಬಲಕ್ಕೆ ಕಣ್ಣಾಡಿಸಿ, ಆ ಕ್ಷಣದಲ್ಲಿ ಯಾವುದು ಏನು ಮಾಡುತ್ತಿದೆ ಎಂದಷ್ಟೇ ಬರೆಯಿರಿ.

ಎಲ್ಲ ಗಂಡುಗಳ ತಲೆಯ ಮೇಲೂ ಅದೇ ಹಳದಿ ಟೊಪ್ಪಿ. ಗುರುತಿಗೆ ಕಾಲಿಗೆ ಉಂಗುರ ಹಾಕಬೇಕು: ಒಂದು ಲೋಹದ್ದು, ಮೂರು ಬಣ್ಣದ ಪ್ಲಾಸ್ಟಿಕ್‌ನವು. ಲೋಹದ ಉಂಗುರದ ಜಾಗ ಬದಲಿಸದಿದ್ದರೆ 6 ಬಣ್ಣದಲ್ಲಿ 216 ಜೋಡಣೆ ಸಿಗುತ್ತದೆ. ಮೋಡದ ಬೆಳಕಿನಲ್ಲಿ ಕೆಂಪು, ಕಿತ್ತಳೆ ಎರಡೂ ಒಂದೇ ಥರ. ಎರಡರಲ್ಲಿ ಒಂದನ್ನು ಮೊದಲೇ ಬಿಡುವುದು ಲೇಸು. ಆಗ 5 ಬಣ್ಣಕ್ಕೆ 125 ಉಳಿಯಿತು, ಒಂದು ಮರಕ್ಕೆ ಧಾರಾಳ ಸಾಕು. ಆದರೆ ಹಕ್ಕಿ ಹಿಡಿಯಲು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅನುಮತಿ ಬೇಕು. ಅರ್ಜಿ ಹಾಕಬೇಕಾದದ್ದು ಹಿಂದಿನ ವರ್ಷ. ಮಳೆ ಶುರುವಾದ ಮೇಲೆ ಅಲ್ಲ. ಮಳೆ ಹನಿಯಿತೆಂದರೆ ಬಲೆ ಮುಚ್ಚಲೇಬೇಕು, ಒದ್ದೆಯಾದ ಹಕ್ಕಿ ಬಲೆಯಲ್ಲೇ ಚಳಿಗೆ ಸಾಯಬಹುದು. ನಮ್ಮ ಕರಾವಳಿಯ ಜುಲೈಯಲ್ಲಿ ಹಾಗಾದರೆ ಬಲೆ ಬಿಚ್ಚಿಡಲು ಎಷ್ಟು ಗಂಟೆ ಸಿಕ್ಕೀತು, ನೀವೇ ಲೆಕ್ಕ ಹಾಕಿ.

ಹೊಸಬರಿಗೆ ಎರಡು ಮಾತು. ಬರೆಯಲು ಪೆನ್ಸಿಲ್ ಮಾತ್ರ. ಜೆಲ್ ಪೆನ್ನಿನ ಶಾಯಿ ಒಂದೇ ಹನಿಗೆ ಕದಡಿಹೋಗುತ್ತದೆ. ದುರ್ಬೀನನ್ನು ಚರ್ಮದ ಪೆಟ್ಟಿಗೆಯೊಳಗಿಟ್ಟು ಕಪಾಟಿಗೆ ಸೇರಿಸಿದರೆ ಒಂದೇ ಮಳೆಗಾಲಕ್ಕೆ ಲೆನ್ಸಿನೊಳಗೆ ಬೂಸ್ಟು ಬರಬಹುದು. ಗಾಳಿಯಾಡದ ಡಬ್ಬಿ, ಸಿಲಿಕಾ ಜೆಲ್, ಅಷ್ಟು ಸಾಕು.

ಕಾಸು ಖರ್ಚಿಲ್ಲದೆ ಮಾಡುವ ದೊಡ್ಡ ತಪ್ಪು ಮಾತ್ರ ಲೆಕ್ಕದ್ದು. ಒಂದು ತೆಂಗಿನ ಮರದಲ್ಲಿ 40 ಗೂಡು ನೋಡಿ "40 ಮಾದರಿ (ಸ್ಯಾಂಪಲ್)" ಅಂತ ಬರೆಯುವುದು. ಗಾಳಿ ಒಂದೇ, ನೆರಳು ಒಂದೇ, ಮೊಟ್ಟೆ ಕದಿಯುವ ಕಾಗೆಯೂ ಒಂದೇ. ಮರಗಳ ಬಗ್ಗೆ ಏನಾದರೂ ಹೇಳಹೊರಟರೆ ನಿಮ್ಮ ಕೈಯಲ್ಲಿರುವುದು ಒಂದೇ ಒಂದು ಮಾದರಿ.

ಇನ್ನು, ಒಂದು ನಡವಳಿಕೆ ವಿಕಾಸದಲ್ಲಿ ಹೇಗೆ ಬಂತು ಎಂಬುದೂ ಈ ಅಧ್ಯಯನದ ಭಾಗ. ವಿಕಾಸವಾದ ಎಂದ ಕೂಡಲೇ "ಮಂಗನಿಂದ ಮನುಷ್ಯ ಆದದ್ದು ಹೌದಾ?" ಅಂತ ಕೇಳುವವರಿದ್ದಾರೆ. ಅವರಿಗೆ ಇಲ್ಲಿ ಉತ್ತರ ಇಲ್ಲ.

ನಿಜವಾಗಿ ಕೇಳಬೇಕಾದ ಪ್ರಶ್ನೆ ನಮ್ಮ ಅಜ್ಜಿಯಂದಿರ ಬಾಯಲ್ಲೇ ಉಂಟು. ಗೀಜಗ ರಾತ್ರಿ ಬೆಳಕಿಗೆ ಅಂತ ಗೂಡಿನೊಳಗೆ ಹಸಿ ಮಣ್ಣು ಮೆತ್ತಿ ಮಿಂಚುಹುಳ ಅಂಟಿಸುತ್ತದಂತೆ, ಹೌದಾ? ಇದನ್ನು ಕೇಳಿದರೆ ನಾನು ಪಾಯಸ ಬಿಟ್ಟಾದರೂ ಉತ್ತರ ಹೇಳುತ್ತೇನೆ. ಮಣ್ಣು ಮೆತ್ತುವುದು ನಿಜ, ಗಂಡು ಹೆಲ್ಮೆಟ್ ಹಂತದಲ್ಲೇ ಮೆತ್ತುತ್ತದೆ. ಆಗ ಒಳಗೆ ಮೊಟ್ಟೆಯೂ ಇಲ್ಲ, ಮರಿಯೂ ಇಲ್ಲ. ಅಂಟಿಸಿದ ಹುಳ ಸತ್ತ ಮೇಲೆ ಹೆಚ್ಚು ಹೊತ್ತು ಬೆಳಗುವುದೂ ಇಲ್ಲ. ದೀಪದ ಕತೆ ಅಲ್ಲಿಗೇ ಬಿತ್ತು. ಹಾಗಾದರೆ ಮಣ್ಣು ಯಾಕೆ?

ಈ "ಯಾಕೆ" ಒಂದಲ್ಲ, ನಾಲ್ಕು ಎಂದು 1963ರಲ್ಲಿ ಬಿಡಿಸಿ ಹೇಳಿದವರು ಪ್ರಾಣಿಗಳ ನಡವಳಿಕೆಯ ವಿಜ್ಞಾನಿ ನಿಕೊ ಟಿನ್‌ಬರ್ಗನ್. 1973ರಲ್ಲಿ ನೊಬೆಲ್ ಹಂಚಿಕೊಂಡ ಮೂವರಲ್ಲಿ ಒಬ್ಬರು. ಯಾವ ಪ್ರಚೋದನೆಗೆ ಹಕ್ಕಿ ಮಣ್ಣು ತರುತ್ತದೆ? ಮರಿ ಹಕ್ಕಿಗೆ ಇದು ಹುಟ್ಟಿನಿಂದ ಬಂತೋ, ಕಲಿತು ಬಂತೋ? ಇದರಿಂದ ಮರಿಗಳ ಸಂಖ್ಯೆಯಲ್ಲಿ ಲಾಭ ಉಂಟೋ? ನೆಂಟ ಜಾತಿಗಳಲ್ಲೂ ಈ ಅಭ್ಯಾಸ ಉಂಟೋ, ಇದ್ದರೆ ವಂಶದಲ್ಲಿ ಯಾವಾಗ ಬಂತು? ಒಂದರ ಉತ್ತರ ಇನ್ನೊಂದಕ್ಕೆ ಆಗುವುದಿಲ್ಲ.

ಲಾಭದ ಪ್ರಶ್ನೆಯನ್ನು ಹಿಡಿದರೆ ಊಹೆ ಎರಡು: ಭಾರಕ್ಕೆ ಗೂಡು ಗಾಳಿಯಲ್ಲಿ ಕಡಿಮೆ ಓಲಾಡಬಹುದು, ಅಥವಾ ಮಣ್ಣು ನೋಡಿ ಹೆಣ್ಣು ಒಪ್ಪಬಹುದು. ಪರೀಕ್ಷೆ ಹೀಗೆ. ಕೆಲವು ಗೂಡಿನ ಮಣ್ಣು ತೆಗೆಯಿರಿ, ಕೆಲವಕ್ಕೆ ಸೇರಿಸಿ. ಇನ್ನು ಕೆಲವನ್ನು ಅಷ್ಟೇ ಹೊತ್ತು ಮುಟ್ಟಿ ಏನೂ ಮಾಡದೆ ಬಿಡಿ. ಈ ಮೂರನೆಯದನ್ನು ಮರೆತರೆ ಹೆಣ್ಣು ಬಾರದಿದ್ದದ್ದು ಮಣ್ಣಿಲ್ಲದ್ದಕ್ಕೋ ನಿಮ್ಮ ಕೈ ತಾಗಿದ್ದಕ್ಕೋ ಹೇಳಲಾಗದು. ಆಮೇಲೆ ಯಾವ ಗೂಡಿಗೆ ಹೆಣ್ಣು ಬಂತು, ಎಷ್ಟನೇ ದಿನಕ್ಕೆ, ಎಣಿಸಿ. ಓಲಾಟವನ್ನು ಮೊಬೈಲಿನಲ್ಲಿ ವಿಡಿಯೊ ಮಾಡಿ ಅಳೆಯಬಹುದು. ಕೈ ಹಾಕುವ ಕೆಲಸವಾದ್ದರಿಂದ ಇದಕ್ಕೂ ಅನುಮತಿ ಮೊದಲು.

ಒಂದು ತೊಡಕು ಬಾಕಿ ಉಂಟು. ಜುಲೈಯ ಜಾರುವ ತೆಂಗಿನ ಮರ ಯಾರೂ ಹತ್ತಲಾರರು. ಏಣಿಗೆ ಎಟುಕುವುದು ಬಾವಿಕಟ್ಟೆಯ ಮೇಲಿನ ತಗ್ಗು ಗೂಡುಗಳು ಮಾತ್ರ. ಹಕ್ಕಿ ವಿಜ್ಞಾನಿ ಸುಹೇಲ್ ಕ್ವಾದರ್ ಗೀಜಗದ ಬಗ್ಗೆ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಣ್ಣುಗಳು ಹೆಚ್ಚು ಒಪ್ಪಿದ್ದು ಎತ್ತರದಲ್ಲಿ, ಸಪೂರ ಕೊಂಬೆಯಲ್ಲಿ, ಒಣ ನೆಲದ ಮೇಲೆ ತೂಗುವ ಗೂಡುಗಳನ್ನು. ಅಂದರೆ ನಮ್ಮ ಕೈಗೆ ಸಿಗುವುದೆಲ್ಲ ಹೆಣ್ಣುಗಳು ಮೊದಲೇ ಮೂಗು ಮುರಿಯುವಂಥವು. ಅದಕ್ಕೇ ಏಣಿ ಇಡುವ ಮೊದಲು ಪ್ರತಿ ಗೂಡಿನ ಎತ್ತರ, ಕೊಂಬೆಯ ದಪ್ಪ, ಕೆಳಗೆ ನೀರೋ ನೆಲವೋ ಎಂದು ಬರೆದಿಟ್ಟು, ಒಂದೇ ಥರದ ಗೂಡುಗಳನ್ನು ಮೂರು ಮೂರು ಜೊತೆ ಮಾಡಿ, ಒಂದಕ್ಕೆ ಮಣ್ಣು ಹಾಕಿ, ಒಂದರದ್ದು ತೆಗೆದು, ಒಂದನ್ನು ಮುಟ್ಟಿ ಬಿಡಬೇಕು. ಯಾವುದಕ್ಕೆ ಯಾವುದು ಎಂಬುದಕ್ಕೆ ಮತ್ತೆ ಚೀಟಿ ಎತ್ತಬೇಕು.